ಮುರುಗೆಪ್ಪನವರ ಕಾರಿನ ಎಣ್ಣೆಸ್ನಾನ

ಮುರುಗೆಪ್ಪನವರನ್ನು ನಾನು ಮೊದಲು ನೋಡಿದ್ದು ಬೆನ್ನಿನ ಕಡೆಯಿಂದ. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಲುಂಗಿ ಎತ್ತಿ ಕಟ್ಟಿಕೊಂಡು, ಒಂದು ಬಕೆಟ್ಟು, ಒಂದು ಚೊಂಬು ಇಟ್ಟುಕೊಂಡು, ಕಡುನೀಲಿ ಕಾರಿನ ಮುಂದೆ ಬಗ್ಗಿ ನಿಂತಿದ್ದರು. ನಾಯಿ ಹಿಡಿದುಕೊಂಡು ಬರುತ್ತಿದ್ದ ಅಮೆರಿಕನ್ ಅಜ್ಜಿಯೊಬ್ಬಳು ಒಂದು ಗಳಿಗೆ ನಿಂತು ನೋಡಿ, ನಾಯಿಯನ್ನು ಎಳೆದುಕೊಂಡು ಬೇಗ ಬೇಗ ದಾಟಿಹೋದಳು. ಅದು ತೊಂಬತ್ತೆಂಟನೆಯ ಇಸವಿಯ ಬೇಸಿಗೆ. ಎರಡು ಸಾವಿರನೆಯ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಅಮೆರಿಕದವರು ಹೆದರಿ, ನಮ್ಮವರನ್ನು ವಿಮಾನಗಟ್ಟಲೆ ಕರೆಸಿಕೊಳ್ಳುತ್ತಿದ್ದ ಕಾಲ. ರಾಣೆಬೆನ್ನೂರಿನ ಕಡೆಯ ಮುರುಗೆಪ್ಪನವರೂ ಹಾಗೇ ಬಂದವರು, ಪಿಸ್ಕಾಟವೇ ಎಂಬ ಊರಿನ ಒಂದು ಆಫೀಸಿನಲ್ಲಿ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಿದ್ದರು.

ಮನುಷ್ಯ ಒಳ್ಳೆಯವರು. ಸುಳ್ಳು ಹೇಳುವುದಿಲ್ಲ, ಕರೆದರೆ ಬಂದು ಸೋಫಾ ಎತ್ತಿಕೊಡುತ್ತಾರೆ. ಆದರೆ ಅವರ ಕಾರು ಹತ್ತಬೇಕೆಂದರೆ ದೇವಸ್ಥಾನಕ್ಕಿಂತ ಹೆಚ್ಚು ಮಡಿ. ಬಾಗಿಲನ್ನು ಎರಡು ಬೆರಳಿನಲ್ಲಿ ಮುಚ್ಚಬೇಕು. ಕೀಲಿ ಕೈಯಲ್ಲಿದ್ದರೆ ಕಾರಿನಿಂದ ಮಾರು ದೂರ ನಿಲ್ಲಬೇಕು. ಅಂಗಡಿಗೆ ಹೋದರೆ ಲಾಟಿನ ಕೊನೆಯಲ್ಲಿ, ಯಾರ ಕಾರೂ ಸುಳಿಯದ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಒಮ್ಮೆ ಅವರ ಜೊತೆ ವುಡ್‌ಬ್ರಿಡ್ಜಿನ ಇಂಡಿಯನ್ ಅಂಗಡಿಗೆ ಹೋಗಿ, ಕೊತ್ತಂಬರಿ ಸೊಪ್ಪು ಹಿಡಿದು ಆ ಮೂಲೆಯವರೆಗೆ ನಡೆದು ಬರುವಷ್ಟರಲ್ಲಿ ಸೊಪ್ಪೂ ಬಾಡಿತ್ತು, ನಾನೂ ಬಾಡಿದ್ದೆ.

ನಮ್ಮ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ನಮ್ಮವರು, ಅಂದರೆ ಮಹದೇವ, ಕಾರು ಕೊಂಡ ದಿನದಿಂದ ಅದಕ್ಕೆ ಒಂದು ಹನಿ ನೀರು ತೋರಿಸಿದವರಲ್ಲ. ಮಳೆ ಇರುವುದು ಯಾಕೆ ಎಂದು ಕೇಳುತ್ತಿದ್ದರು. ಅದರ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ನಾವಿಬ್ಬರೂ ಬೇರೆ ಬೇರೆ ಉತ್ತರ ಕೊಡುತ್ತಿದ್ದೆವು.

ಮುರುಗೆಪ್ಪನವರ ಹೆಂಡತಿ ಅಕ್ಷತಾ ಊರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳುತ್ತಿದ್ದವಳು. ಇಲ್ಲಿ ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಬಸ್ಸಿಲ್ಲ, ಕಾಲುದಾರಿಯಿಲ್ಲ, ಕಿಟಕಿಯಿಂದ ನೋಡಿದರೆ ಪಾರ್ಕಿಂಗ್ ಲಾಟು. ಮಧ್ಯಾಹ್ನ ನಮ್ಮ ಮನೆಗೆ ಬಂದು ನನ್ನ ಮಗಳು ನಿಧಿಗೆ ಲೆಕ್ಕ ಹೇಳಿಕೊಡುವುದೇ ಅವಳ ದಿನದ ಸಂಭ್ರಮ. ಎಡಿಸನ್ನಿನ ಕಮ್ಯೂನಿಟಿ ಕಾಲೇಜಿನಲ್ಲಿ ಫೆಬ್ರವರಿಯಿಂದ ಕಂಪ್ಯೂಟರ್ ಕ್ಲಾಸು ಶುರುವಾಗುತ್ತದೆ ಎಂದು ತಿಳಿದು ಹೆಸರು ಕೊಟ್ಟುಬಂದಳು. ಕ್ಲಾಸಿಗೆ ಹೋಗಬೇಕಾದರೆ ಡ್ರೈವ್ ಮಾಡಬೇಕು, ಡ್ರೈವ್ ಮಾಡಬೇಕಾದರೆ ಲೈಸೆನ್ಸ್ ಬೇಕು. ರೋಡ್ ಟೆಸ್ಟಿಗೆ ತುಂಬ ದಿನ ಕಾದ ಮೇಲೆ ಜನವರಿ ಕೊನೆಗೆ ಒಂದು ತಾರೀಖು ಸಿಕ್ಕಿತು. ಅದು ತಪ್ಪಿದರೆ ಮುಂದಿನದು ಏಪ್ರಿಲ್‌ನಲ್ಲಿ, ಅಷ್ಟರಲ್ಲಿ ಕ್ಲಾಸು ಅರ್ಧ ಮುಗಿದಿರುತ್ತದೆ. ಇದನ್ನು ಹೇಳುವಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

ಮುರುಗೆಪ್ಪನವರು ಕಲಿಸಲಿಲ್ಲವೆಂದಲ್ಲ. ಭಾನುವಾರ ಖಾಲಿ ಲಾಟೊಂದಕ್ಕೆ ಕರೆದುಕೊಂಡು ಹೋಗಿ, ಅವಳ ಪಕ್ಕದಲ್ಲಿ ಕುಳಿತು, ತಲೆಯನ್ನು ಕಿಟಕಿಯಿಂದ ಆಚೆ ಹಾಕಿ ಬಣ್ಣ ಕಾಯುತ್ತಿದ್ದರು. ಇಪ್ಪತ್ತು ಅಡಿ ದೂರದಲ್ಲಿ ಒಂದು ಕಂಬ ಕಂಡರೂ ನಿಲ್ಲಿಸು ನಿಲ್ಲಿಸು ಎನ್ನುತ್ತಿದ್ದರು. ಆ ಪಾಠದಿಂದ ಅಕ್ಷತಾಗೆ ಬ್ರೇಕು ಮಾತ್ರ ಚೆನ್ನಾಗಿ ಬಂತು. ಉಳಿದದ್ದನ್ನು ಶನಿವಾರ ಮಧ್ಯಾಹ್ನ, ಅವರು ಉಂಡು ಮಲಗಿದ ಹೊತ್ತಿನಲ್ಲಿ, ನಾನು ಪಕ್ಕದಲ್ಲಿ ಕುಳಿತು ನಮ್ಮ ಕಾರಿನಲ್ಲಿ ಕಲಿಸಿದೆ. ನಮ್ಮ ಕಾರಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ ಸ್ನೋ ಬಿತ್ತು. ರಸ್ತೆಗೆ ಉಪ್ಪು ಸುರಿಯುವ ಲಾರಿಗಳು ಓಡಾಡತೊಡಗಿದವು. ಆ ಉಪ್ಪು ಕಾರಿನ ಬಣ್ಣವನ್ನು ತಿಂದುಹಾಕುತ್ತದೆ ಎಂದು ಆಫೀಸಿನಲ್ಲಿ ಯಾರೋ ಮುರುಗೆಪ್ಪನವರಿಗೆ ಹೇಳಿಬಿಟ್ಟರು. ಅಂದಿನಿಂದ ಅವರಿಗೆ ಊಟ ಸೇರಲಿಲ್ಲ. ಸಂಜೆ ಕಾರು ನಿಲ್ಲಿಸಿದ ತಕ್ಷಣ ಗ್ಲೌಸ್ ಬಿಚ್ಚಿ, ಬಾಗಿಲ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಇಟ್ಟು ನೋಡುತ್ತಿದ್ದರು. ಸಾರಿಗೆ ಉಪ್ಪು ಹಿಡಿಸಿದೆಯೇ ಎಂದು ನೋಡುತ್ತಾರಲ್ಲ, ಹಾಗೆ. ರೂಟ್ ಒನ್ ಹೆದ್ದಾರಿಯಲ್ಲಿ ಬಂದರೆ ಹೆಚ್ಚು, ಒಳರಸ್ತೆಯಲ್ಲಿ ಬಂದರೆ ಹದ ಎಂದು ನನಗೂ ವರದಿ ಒಪ್ಪಿಸುತ್ತಿದ್ದರು.

ಚಳಿಗಾಲಕ್ಕೆ ಮುಂಚೆ ಕಾರಿಗೆ ಮೇಣದ ಲೇಪ ಕೊಡುತ್ತಾರೆ, ಆಗಾಗ ಕಾರ್ ವಾಶಿಗೆ ಹೋಗಿ ಅಡಿಭಾಗವನ್ನೂ ತೊಳೆಸುತ್ತಾರೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಮುರುಗೆಪ್ಪನವರಿಗೂ ಗೊತ್ತಿತ್ತು. ಆದರೆ ಕಾರ್ ವಾಶಿನ ತಿರುಗುವ ಬ್ರಶ್ಶು ಕಂಡರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ಮೇಣದ ಡಬ್ಬಿಯನ್ನು ಮೂಸಿ ನೋಡಿ ಅಲ್ಲೇ ಇಟ್ಟುಬಂದರು. ಚಳಿಗೆ ಚರ್ಮ ಒಡೆದರೆ ನಮ್ಮವರು ಏನು ಮಾಡುತ್ತಾರೆ ಎಂದು ಒಂದು ದಿನ ಯೋಚಿಸಿದರಂತೆ. ಮರುದಿನ ಇಂಡಿಯನ್ ಅಂಗಡಿಯಿಂದ ಹರಳೆಣ್ಣೆ ಬಾಟಲಿಗಳು ಬಂದವು.

ನಾನು ಬೇಡವೆಂದೆ. ಮಹದೇವ ಬೇಡವೆಂದರು, ಅದೂ ಕಾರಿನ ವಿಷಯದಲ್ಲಿ ಬಾಯೇ ತೆರೆಯದ ಮನುಷ್ಯ. ಮುರುಗೆಪ್ಪನವರ ಉತ್ತರ ಸಿದ್ಧವಾಗಿತ್ತು.

"ನಮ್ಮಪ್ಪನ ಸೈಕಲ್ಲಿಗೆ ಅಮಾಸಿಗೊಮ್ಮೆ ಎಣ್ಣಿ ಒರಸ್ತಿದ್ವಿ ಶೈಲಕ್ಕಾ. ಇವತ್ತಿಗೂ ಒಂದು ಚುಕ್ಕಿ ತುಕ್ಕಿಲ್ಲ."

ಶನಿವಾರ ಎಣ್ಣೆ ಬಿಸಿ ಮಾಡಿ ತಂದು, ಅಂಗೈಯಲ್ಲಿ ಹಾಕಿಕೊಂಡು, ಬಾನೆಟ್ಟಿನಿಂದ ಶುರುಮಾಡಿ ಡಿಕ್ಕಿಯವರೆಗೆ ನೀವಿ ನೀವಿ ಹಚ್ಚಿದರು. ಬಾಣಂತಿಯ ಕೂಸಿಗೂ ಅಷ್ಟು ಉಪಚಾರ ಆಗಿರಲಾರದು. ಕಾರು ಫಳಫಳ ಹೊಳೆಯಿತು. ಒಂದು ದಿನ.

ಆಮೇಲೆ ರಸ್ತೆಯಲ್ಲಿದ್ದುದೆಲ್ಲ ಬಂದು ಅದಕ್ಕೆ ಅಂಟಿಕೊಂಡಿತು. ಉಪ್ಪು, ಮರಳು, ಒಣ ಎಲೆ, ಪಿಜ್ಜಾ ಅಂಗಡಿಯ ಕರಪತ್ರ, ಯಾವುದೋ ಅಳಿಲಿನ ಒಂದು ಹಿಡಿ ಕೂದಲು. ಒರೆಸಿದರೆ ಹೋಗದು, ಬರೀ ನೀರಿಗೆ ಜಗ್ಗದು. ಪಾತ್ರೆ ತೊಳೆಯುವ ಸೋಪು ಹಾಕಿ ಎಂದರೆ ಅದು ಬಣ್ಣ ಎಳೆದುಕೊಳ್ಳುತ್ತದೆ ಎಂದು ಗಾಬರಿಯಾದರು. ಲಾಟಿನಲ್ಲಿ ನಮ್ಮ ಕಾರೂ ಅವರ ಕಾರೂ ಅಕ್ಕಪಕ್ಕ ನಿಂತರೆ ಮೊದಲ ಸಲ ನಮ್ಮದೇ ಸ್ವಚ್ಛವಾಗಿ ಕಂಡಿತು. ಮಹದೇವ ಹಬ್ಬದ ದಿನದ ಹಾಗೆ ಖುಷಿಯಾಗಿದ್ದರು.

ಹೀಗೇ ಟೆಸ್ಟಿನ ದಿನ ಬಂತು. ಅವತ್ತು ಹದಿನೈದು ಡಿಗ್ರಿ ಚಳಿ, ಅದೂ ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ, ನಮ್ಮೂರಿನ ಲೆಕ್ಕಕ್ಕೆ ಸೊನ್ನೆಗಿಂತ ಒಂಬತ್ತು ಕೆಳಗೆ. ಎಂದರೆ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಬೆಳಿಗ್ಗೆ ನಾನು ಕಾಫಿಗೆ ಹಾಲು ಇಟ್ಟಿದ್ದೆ. ನಿಧಿ ಕಿಟಕಿಗೆ ಮೂಗೊತ್ತಿ ನಿಂತಿದ್ದಳು.

"ಮಾಮ್, ಅಂಕಲ್ ಈಸ್ ಮೇಕಿಂಗ್ ಬಜ್ಜಿ ವಿತ್ ದಿ ಕಾರ್," ಎಂದಳು.

ಮಗುವಿನ ಮಾತು ಎಂದು ನಗುತ್ತಾ ಬಂದು ನೋಡಿದರೆ ಅದು ಅಕ್ಷರಶಃ ನಿಜ. ಹೆಂಡತಿ ಟೆಸ್ಟಿಗೆ ಹೋಗುವಾಗ ಕಾರು ಕೊಳಕಾಗಿದ್ದರೆ ಎಕ್ಸಾಮಿನರ್ ಏನೆಂದುಕೊಂಡಾನು ಎಂದು ಮುರುಗೆಪ್ಪನವರಿಗೆ ಹೊಳೆದಿದೆ. ಎಣ್ಣೆ ಹಚ್ಚಿದ ಮೈಗೆ ನಮ್ಮಲ್ಲಿ ಏನು ಹಾಕಿ ತಿಕ್ಕುತ್ತಾರೆ? ಕಡಲೆಹಿಟ್ಟು. ಮನೆಯಲ್ಲಿದ್ದ ಕಡಲೆಹಿಟ್ಟನ್ನೆಲ್ಲ ಬಕೆಟ್ಟಿನ ಬಿಸಿನೀರಿಗೆ ಸುರಿದು, ಗಂಟಿಲ್ಲದಂತೆ ಕಲಸಿ, ಕಾರಿಗೆ ತಲೆಯಿಂದ ಕಾಲಿನವರೆಗೆ ಬಳಿದಿದ್ದಾರೆ. ಮೇಲೆ ಚೊಂಬಿನಲ್ಲಿ ಬಿಸಿನೀರು ಹೊಯ್ದಿದ್ದಾರೆ. ಹಿಟ್ಟು ಸ್ವಲ್ಪ ನೆನೆಯಲಿ ಎಂದು ಬಿಟ್ಟು, ಸ್ನಾನ, ಪೂಜೆ ಮುಗಿಸಲು ಒಳಗೆ ಹೋಗಿದ್ದಾರೆ.

ಹಣೆಗೆ ವಿಭೂತಿ ಇಟ್ಟುಕೊಂಡು ಅವರು ಹೊರಗೆ ಬರುವ ಹೊತ್ತಿಗೆ ನಾನೂ ಕೋಟು ಹಾಕಿಕೊಂಡು ಇಳಿದುಬಂದಿದ್ದೆ. ಕಾರು ಒಂದೇ ಒಂದು ದೊಡ್ಡ ಬಜ್ಜಿಯಾಗಿತ್ತು. ಹಳದಿ ಹಿಟ್ಟು ಕಲ್ಲಿನಂತೆ ಹೆಪ್ಪುಗಟ್ಟಿ, ಬಾಗಿಲುಗಳ ಸಂದೆಲ್ಲ ಮುಚ್ಚಿಹೋಗಿ, ಹಿಡಿಕೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಕನ್ನಡಿಯಿಂದ ಹಳದಿ ಹಿಮದ ಕೋಲೊಂದು ಇಳಿಬಿದ್ದಿತ್ತು. ಮುರುಗೆಪ್ಪನವರು ಒಂದು ಬಾಗಿಲು ಎಳೆದರು, ಇನ್ನೊಂದು ಎಳೆದರು, ಕೊನೆಗೆ ಡಿಕ್ಕಿಯನ್ನೂ ಎಳೆದರು. ಯಾವುದೂ ಜಪ್ಪಯ್ಯ ಅನ್ನಲಿಲ್ಲ.

ಅಕ್ಷತಾ ಮೆಟ್ಟಿಲಿಳಿದು ಬಂದಳು. ತಲೆ ಬಾಚಿ, ಒಳ್ಳೆಯ ಸ್ವೆಟರ್ ಹಾಕಿಕೊಂಡು, ಪರ್ಮಿಟ್ಟನ್ನು ಕೈಯಲ್ಲೇ ಹಿಡಿದಿದ್ದಳು. ಕಾರು ನೋಡಿದಳು. ಗಂಡನನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಅವರಿಗೆ ಕಂಡಿತೋ ಇಲ್ಲವೋ, ಫೋನ್ ಮಾಡಿ ಬೇರೆ ಡೇಟ್ ತಗೊಂಡರಾಯಿತು, ಇಂಥ ಕಾರಿನಲ್ಲಿ ಹೋದರೆ ಮರ್ಯಾದೆ ಉಳಿಯುತ್ತದೆಯೇ ಎಂದು ಶುರುಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಕೆಟ್ಟಿನಲ್ಲಿ ಉಳಿದ ಹಿಟ್ಟನ್ನು ಅವರ ತಲೆಯ ಮೇಲೆ ಸುರಿಯಬೇಕೆನ್ನಿಸಿತು.

"ಡೇಟ್ ನಾ ಬಿಡಾಂಗಿಲ್ಲ," ಎಂದಳು ಅಕ್ಷತಾ. ದನಿ ಎತ್ತರಿಸಲಿಲ್ಲ. "ಕಾರ್ ಇಲ್ಲಂದ್ರ ನಡಕೋತ ಹೋಗ್ತೀನಿ. ನಡಕೋತನ ಟೆಸ್ಟ್ ಕೊಡ್ತೀನಿ."

ಮಹದೇವ ಅವತ್ತು ಜ್ವರವೆಂದು ರಜಾ ಹಾಕಿ ಮಲಗಿದ್ದರು. ನಾನು ಮೇಲೆ ಹೋಗಿ, ಅವರ ಪ್ಯಾಂಟಿನ ಜೇಬಿನಿಂದ ಕೀಲಿ ತೆಗೆದುಕೊಂಡು, ನಿಧಿಯನ್ನು ಅವರ ವಶಕ್ಕೆ ಒಪ್ಪಿಸಿ ಇಳಿದುಬಂದೆ. ನಮ್ಮ ಕಾರಿನ ಬಾಗಿಲು ಒಂದೇ ಏಟಿಗೆ ತೆರೆದುಕೊಂಡಿತು. ಜನ್ಮದಲ್ಲಿ ನೀರು ಕಾಣದ್ದು, ಹೆಪ್ಪುಗಟ್ಟುವುದಾದರೂ ಏನು?

ಟೆಸ್ಟಿನ ಜಾಗದಲ್ಲಿ ಎಕ್ಸಾಮಿನರ್ ಬಾಗಿಲು ಮುಟ್ಟಿ, ತನ್ನ ಕೈ ನೋಡಿಕೊಂಡು, ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಕುಳಿತ. ನಾನು ಹೊರಗೆ ಚಳಿಯಲ್ಲಿ ನಿಂತು ಊರಿನ ದೇವರನ್ನೆಲ್ಲ ಕರೆದೆ. ರಸ್ತೆ ಬದಿಗೆ ಇಟ್ಟ ರಬ್ಬರ್ ಕೋನುಗಳ ನಡುವೆ ಕಾರನ್ನು ಹಿಂದಕ್ಕೆ ತೂರಿಸಿ ನಿಲ್ಲಿಸುವ ಪ್ಯಾರಲಲ್ ಪಾರ್ಕಿಂಗ್ ಬಂದಾಗ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾರು ಕೋನುಗಳ ನಡುವೆ ಅಚ್ಚುಕಟ್ಟಾಗಿ ನಿಂತಿತ್ತು, ಕೋನುಗಳೂ ನಿಂತಿದ್ದವು. ಅಕ್ಷತಾ ಪಾಸಾಗಿದ್ದಳು. ಕಾರಿನಿಂದ ಇಳಿದವಳು ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ. ಕಣ್ಣೀರು ಕೆನ್ನೆಯ ಮೇಲೆ ಚುರುಚುರು ಎಂದಿತು, ಅಂಥ ಚಳಿ.

ಮನೆಗೆ ಬಂದರೆ ಅಲ್ಲಿ ಬೇರೆಯದೇ ಪ್ರಸಂಗ. ಮುರುಗೆಪ್ಪನವರು ಅಡುಗೆಮನೆಯ ಕಿಟಕಿಯಿಂದ ವಯರ್ ಎಳೆದು, ಒಂದು ಕೈಯಲ್ಲಿ ಹೇರ್ ಡ್ರೈಯರ್, ಇನ್ನೊಂದರಲ್ಲಿ ದೋಸೆ ಎಬ್ಬಿಸುವ ಸ್ಟೀಲಿನ ಸಟ್ಟುಗ ಹಿಡಿದು, ಬಜ್ಜಿ ಕೆತ್ತಿದ್ದಾರೆ. ಮುಕ್ಕಾಲು ಭಾಗ ಕೆತ್ತಿಯಾಗಿತ್ತು. ಈಗ ಸಟ್ಟುಗ ಕೆಳಗೆ ಬಿದ್ದಿತ್ತು, ಅವರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದರು. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಕಡುನೀಲಿಯ ಮೇಲೆ ಬೆಳ್ಳಗೆ ಒಂದು ಗೆರೆ ಎದ್ದಿತ್ತು. ಸಣ್ಣದಲ್ಲ, ಬಸ್ಸಿನ ಪಟ್ಟಿಯ ಹಾಗೆ.

"ನಾನ ಹಾಕೀನಿ," ಎಂದರು. ಅವರ ಕಣ್ಣಲ್ಲಿ ನೀರು ನಿಂತಿತ್ತು.

ಅಕ್ಷತಾ ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದಳು. ಈ ಕಡೆಯಿಂದ ಆ ಕಡೆಯವರೆಗೆ. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. ಅವಳ ಭುಜ ಅಲುಗತೊಡಗಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮೆರಿಕಕ್ಕೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಇಬ್ಬರೂ ನಗುವುದನ್ನು ನೋಡಿ ಮುರುಗೆಪ್ಪನವರಿಗೆ ಆಗ ನೆನಪಾಯಿತು, ಟೆಸ್ಟ್ ಏನಾಯಿತು ಎಂದು ಮೆಲ್ಲಗೆ ಕೇಳಿದರು. ಅವಳು ಪಾಸಾದ ಕಾಗದವನ್ನು ಅವರ ತೊಡೆಯ ಮೇಲಿಟ್ಟಳು.

ಕ್ಲಾಸು ಶುರುವಾದ ದಿನ ಮತ್ತೆ ಸ್ನೋ ಬಿದ್ದು, ರಸ್ತೆಯೆಲ್ಲ ಉಪ್ಪಿನ ಕೆಸರಾಗಿತ್ತು. ಅಕ್ಷತಾ ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದು ಕಾರು ಸ್ಟಾರ್ಟ್ ಮಾಡಿದ್ದಳು. ಮುರುಗೆಪ್ಪನವರು ಓಡಿಬಂದು, ಇಷ್ಟು ದಿನದ ಅಭ್ಯಾಸದಲ್ಲಿ, ಪಕ್ಕದ ಬಾಗಿಲಿಗೆ ಕೈಹಾಕಿದರು.

ಅಕ್ಷತಾ ಕಿಟಕಿ ಇಳಿಸಿದಳು. "ಬಾಜು ಯಾರೂ ಕೂಡೂದು ಬ್ಯಾಡ ಇನ್ನ. ಲೈಸೆನ್ಸ್ ಬಂದೈತಿ. ನೀವು ಮಹದೇವಣ್ಣಾರ ಕೂಡ ಆಫೀಸಿಗೆ ಹೋಗ್ರಿ."

ಅವರು ಕೈ ತೆಗೆದರು. ಕಾರು ಹಿಂದಕ್ಕೆ ಬಂದು, ತಿರುಗಿ, ಕೆಸರನ್ನು ಎರಡೂ ಬದಿಗೆ ಎರಚುತ್ತಾ ಗೇಟು ದಾಟಿತು. ಈಗ ಬಣ್ಣ ಬಣ್ಣ ಎಂದು ಕೂಗುತ್ತಾರೆ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಅವರ ಕಣ್ಣು ಕಾರು ಮರೆಯಾಗುವವರೆಗೆ ಅದರ ಹಿಂದೆಯೇ ಹೋಯಿತು. ಪ್ಯಾಂಟಿನ ತುಂಬ ಕೆಸರು ಹಾರಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಎಷ್ಟು ಚಂದ ತಿರುಗಿಸಿದ್ಲು ನೋಡ್ರಿ ಶೈಲಕ್ಕಾ," ಎಂದರು.