ಚಾರ್ಜಕ್ಕನ ವಾಕಿಟಾಕಿ

ನಮ್ಮ ಚಾರ್ಜಕ್ಕನಷ್ಟು ಹೊಟ್ಟೆಕಿಚ್ಚಿನ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಹುಮಹಡಿ ಕಟ್ಟಡವೊಂದು ಏಳುತ್ತಿದ್ದ ಜಾಗದಲ್ಲಿ, ತಗಡಿನ ಸ್ಟೋರ್ ರೂಮಿನಲ್ಲಿ, ನಮ್ಮಿಬ್ಬರದೂ ಎದುರುಬದುರು ಮೇಜು. ಹೆಲ್ಮೆಟ್ಟು, ಕೈಗವಸು ಕೊಡುವುದು ನನ್ನ ಕೆಲಸ. ಅವಳದು ವಾಕಿಟಾಕಿ. ಸಂಜೆ ವಾಪಸು ಬಂದ ಸೆಟ್ಟುಗಳನ್ನೆಲ್ಲ ಚಾರ್ಜಿಗಿಟ್ಟು ಬೆಳಗ್ಗೆ ಹಂಚುತ್ತಿದ್ದುದರಿಂದ ಅವಳು ಎಲ್ಲರ ಬಾಯಲ್ಲೂ ಚಾರ್ಜಕ್ಕ. ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು.

ಸೆಟ್ಟುಗಳನ್ನು ಅವಳು ನೋಡಿಕೊಳ್ಳುವ ಪರಿಯೇ ಬೇರೆ. ಬಟನ್ನಿನ ಸಂದಿಗೆ ಸೇರಿದ ಸಿಮೆಂಟ್ ಧೂಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆಯುತ್ತಿದ್ದಳು. ಬ್ಯಾಟರಿಯ ಹಿಂದಿನ ಲೋಹದ ಚುಕ್ಕೆಗಳನ್ನು ಒಣಬಟ್ಟೆಯಿಂದ ಒರೆಸಿದ ಮೇಲೇ ಚಾರ್ಜಿಗೆ ಇಡುವುದು. ಯಾರಾದರೂ ಆಂಟೆನಾ ಹಿಡಿದು ಸೆಟ್ ಎತ್ತಿದರೆ ಮುಗಿಯಿತು, "ನಿಮ್ಮನ್ನ ಯಾರಾದ್ರೂ ಕಿವಿ ಹಿಡಿದು ಎತ್ತಿದ್ರೆ ಸುಮ್ನಿರ್ತೀರಾ?" ಎಂದು ಎಲ್ಲರೆದುರೇ ನೀರಿಳಿಸುತ್ತಿದ್ದಳು. ಹೊಸಬರಿಗಂತೂ ದಿನಾ ಪಾಠ: "ಬಟನ್ ಒತ್ತಿ, ಒಂದು ಉಸಿರು ತಡೀರಿ, ಆಮೇಲೆ ಮಾತಾಡಿ. ಒತ್ತಿದ ತಕ್ಷಣ ಬಾಯಿ ಬಿಟ್ರೆ ಮೊದಲನೇ ಮಾತು ನಿಮ್ಮ ಹತ್ರಾನೇ ಉಳ್ಕೊಳ್ಳತ್ತೆ." ಎಂಜಿನಿಯರುಗಳೂ ಕೈಕಟ್ಟಿ ಕೇಳುತ್ತಿದ್ದರು. ಅವಳ ಬಾಯಿಗೆ ಹೆದರದವರು ಅಲ್ಲಿ ಇರಲಿಲ್ಲ.

ಹೆದರದವರು ಒಬ್ಬರಿದ್ದರು, ಅವಳ ಗಂಡ. ಅವರು ಅದೇ ಜಾಗದ ಟವರ್ ಕ್ರೇನ್ ಆಪರೇಟರು. ಬೆಳಗ್ಗೆ ಏಣಿ ಹತ್ತಿ ತುದಿಯ ಗಾಜಿನ ಗೂಡಿನಲ್ಲಿ ಕೂತರೆ ಸಂಜೆಗೇ ಇಳಿಯುವುದು. ನಾವೆಲ್ಲ ಅವರನ್ನು ಮೇಲಿನವರು ಎನ್ನುತ್ತಿದ್ದೆವು. ಮಾತು ಮಹಾ ಕಡಿಮೆ. ಮನೆಯಲ್ಲಿ ಹೆಂಡತಿ ಒಂದು ಗಂಟೆ ಮಾತಾಡಿದರೆ ಅವರದು ಒಂದು "ಹೂಂ". ಅದಕ್ಕೂ ಅವಳು ಹೊಂದಿಕೊಂಡಿದ್ದಳು, ಸಿಗ್ನಲ್ ಕೆಲಸಕ್ಕೆ ಹೊಸ ಹುಡುಗಿಯೊಬ್ಬಳು ಬರುವವರೆಗೆ.

ಆ ಕೆಲಸ ಏನೆಂದು ಹೇಳಬೇಕು. ಗೋಡೆಯಾಚೆ, ತಳದ ಗುಂಡಿಯೊಳಗೆ ಸಾಮಾನು ಇಳಿಸುವಾಗ ಮೇಲಿನವರಿಗೆ ಏನೂ ಕಾಣುವುದಿಲ್ಲ. ಕೆಳಗೆ ನಿಂತವರು ವಾಕಿಟಾಕಿಯಲ್ಲಿ ಬಿಡದೆ ಹೇಳುತ್ತಿರಬೇಕು: ಇಳಿಸಿ, ಇಳಿಸಿ, ಎಡಕ್ಕೆ, ಇಳಿಸಿ. ದನಿ ನಿಂತರೆ ಕ್ರೇನೂ ನಿಲ್ಲಬೇಕು. ಶುರು ಮಾಡಿದ ದನಿಯನ್ನೇ ಕೊನೆಯವರೆಗೆ ಕೇಳಬೇಕು, ನಡುವೆ ಬೇರೆ ಯಾರು ಕೂಗಿದರೂ ಕದಲಬಾರದು. ಅಲ್ಲಿಯವರಿಗೆ ಇದು ಪ್ರಾಣಕ್ಕೆ ಸಮನಾದ ಕಟ್ಟುಪಾಡು.

ಚಾರ್ಜಕ್ಕನ ಮೇಜಿನ ಮೇಲೂ ಒಂದು ಸೆಟ್ ಸದಾ ಆನ್ ಇರುತ್ತಿತ್ತು. ಹಾಗಾಗಿ ತನ್ನ ಗಂಡನ ಕಿವಿಗೆ ಆ ಹುಡುಗಿ ಹೇಳಿದ್ದೆಲ್ಲ ಇವಳ ಕಿವಿಗೂ ಬೀಳುತ್ತಿತ್ತು. "ಬನ್ನಿ, ಬನ್ನಿ, ಹಾಗೇ ಬನ್ನಿ, ಮೆಲ್ಲಗೆ..." ಹುಡುಗಿಯ ದನಿ ಹದವಾಗಿತ್ತು, ಅವಸರವೇ ಇಲ್ಲ.

"ಮೆಲ್ಲಗಂತೆ!" ಚಾರ್ಜಕ್ಕ ಬ್ರಷ್ ಕುಕ್ಕುತ್ತಿದ್ದಳು. "ನಾನು ಮನೇಲಿ ಮೆಲ್ಲಗೆ ಬಾಗಿಲು ಹಾಕಿ ಅಂತ ಬಡ್ಕೊಂಡ್ರೂ ಈ ಮನುಷ್ಯನಿಗೆ ಕೇಳ್ಸಲ್ಲ."

"ಅದು ಕೆಲಸದ ಮಾತು ಕಣೆ," ಎಂದೆ.

"ನೀನು ಸುಮ್ನಿರು. ಕೆಲಸದ ಮಾತು ಹೀಗೆ ಇರಲ್ಲ."

ಸೆಟ್ಟಿನ ನೆಪದಲ್ಲಾದರೂ ಹುಡುಗಿಯನ್ನು ಜಾಡಿಸೋಣವೆಂದರೆ ಅವಳು ದಿನಾ ಒರೆಸಿ ಫಳಫಳ ಮಾಡಿಯೇ ವಾಪಸು ಕೊಡುತ್ತಿದ್ದಳು. ಚಾರ್ಜಕ್ಕನಿಗೆ ಅದು ಇನ್ನೂ ಉರಿ. ಕೊನೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ ಮೇಲಿನವರು, ಯಾವತ್ತೂ ಮಾತಾಡದವರು, ತಾವಾಗಿಯೇ ಬಾಯಿಬಿಟ್ಟರಂತೆ: "ಆ ಹುಡುಗಿ ದನಿ ಚೆನ್ನಾಗಿದೆ. ಕಣ್ಣು ಮುಚ್ಕೊಂಡು ಕೆಲಸ ಮಾಡ್ಬಹುದು." ಅಷ್ಟೇ ಸಾಕಾಯಿತು.

ಸ್ಟೋರಿನಲ್ಲಿ ಒಂದು ಮುದಿ ಬ್ಯಾಟರಿ ಇತ್ತು. ಚಾರ್ಜರಿನಲ್ಲಿ ಹಸಿರು ದೀಪ ತೋರಿಸಿ, ಸ್ವಲ್ಪ ಹೊತ್ತು ದುಡಿದು, ಹೇಳದೆ ಕೇಳದೆ ಸತ್ತುಬೀಳುವ ಜಾತಿ. ಎಸೆಯಲೆಂದು ಅವಳೇ ಮೂಲೆಗಿಟ್ಟಿದ್ದಳು. ಮರುದಿನ ಬೆಳಗ್ಗೆ ಅದನ್ನೇ ಹುಡುಗಿಯ ಸೆಟ್ಟಿಗೆ ಹಾಕಿ, ನಗುನಗುತ್ತ ಕೈಗೆ ಕೊಟ್ಟಳು. ದನಿ ನಿಂತರೆ ಕ್ರೇನ್ ನಿಲ್ಲುತ್ತದೆ, ಯಾರ ಕೂದಲೂ ಕೊಂಕುವುದಿಲ್ಲ, ಹುಡುಗಿಯ ಮಾನ ಮಾತ್ರ ಹೋಗುತ್ತದೆ. ಅವಳ ಲೆಕ್ಕಾಚಾರ ಅದು.

ಊಟದ ಬಿಡುವಿಗೆ ಮುಂಚೆ ಗುಂಡಿಯೊಳಗೆ ಕಬ್ಬಿಣದ ಸರಳಿನ ಕಟ್ಟು ಇಳಿಯುತ್ತಿತ್ತು. "ಇಳಿಸಿ, ಇಳಿಸಿ, ಇನ್ನೂ..." ಎನ್ನುತ್ತಿದ್ದ ದನಿ ಕತ್ತರಿಸಿದಂತೆ ನಿಂತಿತು. ಚಾರ್ಜಕ್ಕನ ಮುಖ ಅರಳಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಮೇಸ್ತ್ರಿ ಹೊರಗಿನಿಂದ ಬಾಯಿ ಮಾಡಿದ: "ಸ್ಟೋರ್! ಬೇರೆ ಸೆಟ್ ತನ್ನಿ, ಬೇಗ! ಕೆಳಗೆ ಜನ ಇದ್ದಾರೆ!"

ಅವಳು ಮೇಜಿನ ಸೆಟ್ ಹಿಡಿದು ಓಡಿದಳು, ಹಿಂದೆ ನಾನು. ಸರಳಿನ ಕಟ್ಟು ಗುಂಡಿಯ ಮೇಲೆ ಗಾಳಿಗೆ ತಿರುಗುತ್ತ ನೇತಾಡುತ್ತಿತ್ತು. ಒಳಗಿದ್ದ ಕೆಲಸಗಾರರು ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಹುಡುಗಿ ಕಟ್ಟಿನಿಂದ ಕಣ್ಣು ಕೀಳದೆ, "ಕೊಡಿ ಅಕ್ಕ," ಎಂದು ಕೈ ಚಾಚಿದಳು.

ಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಗಳಿಗೆಯಲ್ಲೂ ಚಾರ್ಜಕ್ಕನ ಹೊಟ್ಟೆಕಿಚ್ಚು ಆರಿರಲಿಲ್ಲ. "ನೀನು ನೋಡಿ ಹೇಳು, ಅವರಿಗೆ ನಾನು ಹೇಳ್ತೀನಿ," ಎಂದು ತಾನೇ ಬಟನ್ ಒತ್ತಿ, ಒಂದು ಉಸಿರು ತಡೆದು, "ರೀ, ಇಳಿಸಿ. ಮೆಲ್ಲಗೆ ಇಳಿಸಿ," ಎಂದಳು.

ಕಟ್ಟು ಕದಲಲಿಲ್ಲ.

"ರೀ, ನಾನು ಕಣ್ರೀ. ಇಳಿಸಿ."

"ನೀನು ಬೇಡ," ಎಂದಿತು ಗಂಡನ ದನಿ. "ಸೆಟ್ ಅವಳ ಕೈಗೆ ಕೊಡು. ನೀನು ಅಲ್ಲಿಂದ ಆಚೆ ಹೋಗು."

ಅಲ್ಲಿದ್ದ ಅಷ್ಟೂ ಸೆಟ್ಟುಗಳಲ್ಲಿ ಆ ಮಾತು ಕೇಳಿಸಿತು. ಮೇಸ್ತ್ರಿ ತಲೆ ತಗ್ಗಿಸಿದ. ಚಾರ್ಜಕ್ಕ ಸೆಟ್ ಹುಡುಗಿಯ ಕೈಗಿಟ್ಟಳು. "ಸಿಗ್ನಲ್ ಮಾತಾಡ್ತಿದ್ದೀನಿ. ಇಳಿಸಿ, ಮೆಲ್ಲಗೆ, ಇಳಿಸಿ..." ಎಂದದ್ದೇ ತಡ, ಅಷ್ಟು ಕಬ್ಬಿಣ ಹೇಳಿದಂತೆ ಕೇಳಿಕೊಂಡು ಕೆಳಗಿಳಿಯಿತು.

ಮಧ್ಯಾಹ್ನವಿಡೀ ಚಾರ್ಜಕ್ಕ ಸ್ಟೋರಿನಲ್ಲಿ ಅತ್ತಳು. "ಊರಿಗೆಲ್ಲ ಕೇಳೋ ಹಾಗೆ ನೀನು ಬೇಡ ಅಂದ್ಬಿಟ್ರಲ್ಲೇ! ಈ ಮನುಷ್ಯನ ಜೊತೆ ಇನ್ನು ಬಾಳಲ್ಲ. ಇವತ್ತೇ ತವರಿಗೆ ಹೊರಟೆ." ಮಾಡಿದ್ದುಣ್ಣು ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಸುಳ್ಳೇಕೆ, ಸ್ವಲ್ಪ ಖುಷಿಯೂ ಆಗಿತ್ತು.

ಮರುದಿನ ನೋಡಿದರೆ ತವರೂ ಇಲ್ಲ, ಅಳುವೂ ಇಲ್ಲ. ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ. ಬಂದವಳೇ ಸಿಗ್ನಲ್ ಹುಡುಗಿಯನ್ನು ಪಕ್ಕಕ್ಕೆ ಕರೆದು ಬ್ಯಾಟರಿ ಹಾಕಿದ್ದು ತಾನೇ ಎಂದು ಹೇಳಿದಳು, ಬೈಸಿಕೊಂಡಳು, ಇದ್ದುದರಲ್ಲಿ ಒಳ್ಳೆಯ ಸೆಟ್ ಆರಿಸಿ ಕೊಟ್ಟಳು. ನನಗೆ ತಡೆಯಲಾಗಲಿಲ್ಲ. "ಏನಾಯ್ತೇ?"

"ರಾತ್ರಿ ಜಗಳ ತೆಗೆದೆ. ನನ್ನ ದನಿ ಗುರುತು ಸಿಗ್ಲಿಲ್ವಾ ಅಂದೆ. ಸಿಕ್ತು, ಅದಕ್ಕೇ ಇಳಿಸ್ಲಿಲ್ಲ ಅಂದ್ರು. ನೀನು ಆ ಗುಂಡಿ ಹತ್ರ ನಿಂತಿದ್ದೀಯ, ಎದುರಿಗೇ ಅಷ್ಟು ಕಬ್ಬಿಣ ನೇತಾಡ್ತಿದೆ ಅಂತ ಗೊತ್ತಾದ ತಕ್ಷಣ ಕೈ ನಡುಗೋಕೆ ಶುರುವಾಯ್ತು, ನಡುಗೋ ಕೈಲಿ ಲಿವರ್ ಹೇಗೆ ಮುಟ್ಲಿ ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಳೂ ದಿನಾ ಅಲ್ಲೇ ನಿಲ್ತಾಳಲ್ಲ, ಆವಾಗ ನಡುಗಲ್ವಾ ಅಂತ ಕೇಳ್ದೆ. ಇಲ್ಲ ಅಂದ್ರು. ಇನ್ನೊಂದ್ಸಲ ಹೇಳಿ ಅಂದೆ. ಹೇಳಿದ್ರು."

ನಾನು ಹೆಲ್ಮೆಟ್ಟುಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿದೆ. ಊಟದ ಹೊತ್ತಿಗೆ ತಡೆಯಲಾರದೆ ಹೊರಗೆ ಬಂದು ನನ್ನ ಗಂಡನಿಗೆ ಫೋನ್ ಮಾಡಿದೆ.

"ರೀ, ನಾನೀಗ ಕ್ರೇನ್ ಕೆಳಗೇ ನಿಂತಿದ್ದೀನಿ. ತಲೆ ಮೇಲೆ ರಾಶಿ ಕಬ್ಬಿಣ ನೇತಾಡ್ತಿದೆ," ಎಂದೆ.

"ಸರಿ," ಎಂದರು. "ಬರೋವಾಗ ಹಾಲು ತಗೊಂಡು ಬಾ."