ಅತ್ತೆಯವರು ವಿಭೂತಿ ಹಚ್ಚಿದ ಪಿಯಾನೊ

ಮನೆಯಲ್ಲಿ ಒಬ್ಬರ ಮಾತು ನಿಂತರೆ ಪಾತ್ರೆಗಳು ಮಾತಾಡಲು ಶುರು ಮಾಡುತ್ತವೆ ಎನ್ನುವುದು ನನಗೆ ಗೊತ್ತಾದದ್ದು ಆ ವರ್ಷ. ಮಗಳು ಶೈಲಜಾ ತನ್ನ ಕೋಣೆಯಿಂದ ನನ್ನನ್ನು ಕರೆಯಬೇಕಾದರೆ ಸ್ಟೀಲ್ ಲೋಟಕ್ಕೆ ಚಮಚದಿಂದ ತಟ್ಟುತ್ತಿದ್ದಳು. ಕಾಫಿ ಬೇಕಾದರೆ ಒಂದು ಲಯ, ಫೋನು ಬಂದರೆ ಇನ್ನೊಂದು, ನಾನು ಉಪಚಾರ ಅತಿ ಮಾಡಿ ಬೇಸರ ತರಿಸಿದರೆ ಮತ್ತೊಂದು. ಈ ಕೊನೆಯದೇ ಹೆಚ್ಚಾಗಿ ಕೇಳಿಸುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಅವಳು ಹಾಡುವವಳು. ಯಡಿಯೂರಿನ ನಮ್ಮ ಮನೆಯ ವರಾಂಡದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಆ ಮಕ್ಕಳ ಗದ್ದಲದ ಮೇಲೆ ದನಿ ಏರಿಸಿ ಏರಿಸಿ, ಅದರ ಜೊತೆಗೆ ಹಬ್ಬದ ಕಛೇರಿಗಳೂ ಸಾಲಾಗಿ ಬಂದು, ಒಂದು ಬೆಳಿಗ್ಗೆ ತಾರಸ್ಥಾಯಿಗೆ ಹೊರಟ ದನಿ ಬರಿಯ ಗಾಳಿಯಾಗಿ ಹೊರಬಂತು. ಜಯನಗರದ ಡಾಕ್ಟರಮ್ಮ ಗಂಟಲೊಳಗೆ ನೋಡಿ, ಧ್ವನಿಯ ತಂತುಗಳ ಮೇಲೆ ಎರಡೂ ಕಡೆ ಸಣ್ಣ ಗಂಟುಗಳು ಎದ್ದಿವೆ, ಕೆಲವು ವಾರ ಮಾತು ಬೇಡ, ಪಿಸುಮಾತೂ ಬೇಡ, ಆಮೇಲೆ ಆಪರೇಷನ್ ಬೇಕೋ ಬೇಡವೋ ಹೇಳುತ್ತೇನೆ ಎಂದರು. ಮತ್ತೆ ಹಾಡುತ್ತಾಳಾ ಎಂದು ನಾನು ಕೇಳಿದೆ. ನೋಡೋಣ ಎಂದರು. ಎಷ್ಟು ಸಣ್ಣ ಮಾತು ನೋಡಿ ಅದು, ಅದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದವಳಿಗೆ ಮಾತ್ರ ಎಷ್ಟು ಭಾರ.

ಅವಳಿಗೆ ಮೌನ ವಿಧಿಸಿದ್ದರೂ ಚಡಪಡಿಕೆ ಬಂದದ್ದು ನನಗೆ. ತೊಳೆದ ಪಾತ್ರೆಯನ್ನೇ ತೊಳೆದೆ, ಮಡಿಸಿದ ಸೀರೆಯನ್ನೇ ಮಡಿಸಿದೆ. ಮನೆಯ ಶಿವನಿಗೆ ಎರಡು ಹೊತ್ತು ಪೂಜೆ ಮಾಡಿಯೂ ಸಾಲದೆ, ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿಬಂದೆ. ಆದರೂ ದೇವರು ಕೊಟ್ಟದ್ದನ್ನು ಎಣಿಸುವುದು ನನ್ನ ಹಳೆಯ ರೂಢಿ: ಹುಡುಗಿಗೆ ಜ್ವರವಿಲ್ಲ, ಅನ್ನ ಸೇರುತ್ತದೆ, ಇವತ್ತು ಹಾಲು ಉಕ್ಕಲಿಲ್ಲ, ನಲ್ಲಿಯಲ್ಲಿ ನೀರು ಹೊತ್ತಿಗೆ ಸರಿಯಾಗಿ ಬಂತು. ಎಣಿಸುತ್ತಾ ಹೋದರೆ ಬೆರಳು ಮುಗಿಯುತ್ತಿತ್ತು, ಕಳವಳ ಮುಗಿಯುತ್ತಿರಲಿಲ್ಲ.

ಆಗ ಬಂದದ್ದು ಆ ಸಿ.ಡಿ. ಶೈಲಜಾಳ ಗೆಳತಿ ವಿದ್ಯಾ ತಂದುಕೊಟ್ಟಳು. ಯಾವುದೋ ಹಿಮದ ದೇಶದವನು, ಪಿಯಾನೊ ನುಡಿಸುತ್ತಾನೆ, ಇದು ಅವನ ಹೊಸ ಆಲ್ಬಂ, ಆಂಟಿ, ತುಂಬಾ ಕಡಿಮೆ ನುಡಿಸ್ತಾನೆ ಎಂದಳು. ಕಡಿಮೆ ನುಡಿಸುವುದೂ ಒಂದು ಹೆಗ್ಗಳಿಕೆಯೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಹೊದಿಕೆಯ ಮೇಲೆ ಮನುಷ್ಯರಿಲ್ಲ, ಹೂವಿಲ್ಲ. ಮಾಸಲು ಬಿಳುಪು, ನಡುವೆ ತೆಳ್ಳನೆಯ ಒಂದು ಗೆರೆ, ಅಷ್ಟೆ.

ಕೇಳಿದರೆ ಒಳಗೂ ಅಷ್ಟೆ. ಒಂದು ಸ್ವರ ಬೀಳುತ್ತದೆ. ನೀವು ಕಾಯುತ್ತೀರಿ. ಇನ್ನೊಂದು ಬೀಳುತ್ತದೆ. ಮೂರನೆಯದು ಬರುವಷ್ಟರಲ್ಲಿ ನಾನು ಹುರುಳಿಕಾಯಿಯ ನಾರು ತೆಗೆದು, ಹೆಚ್ಚಿ, ಒಗ್ಗರಣೆಗೆ ಸಾಸಿವೆಯನ್ನೂ ಹಾಕಿರುತ್ತಿದ್ದೆ. ಮೂರು ನಾಲ್ಕು ಸ್ವರಗಳು ಬಾವಿಯ ರಾಟೆಯಂತೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ಯಾವಾಗಲೋ ಒಂದು ಪಿಟೀಲು ಹಿಂದಿನಿಂದ ಬಂದು, ಏನೂ ಹೇಳದೆ ಹೋಗುತ್ತದೆ. ಆಲಾಪನೆಯೆಂದರೆ ಮೇಲೇರಿ ಒಂದು ಕಡೆ ತಲುಪಬೇಕು ಎಂದು ಕೇಳಿ ಬೆಳೆದ ನಮಗೆ ಇದೆಂಥ ಪರೀಕ್ಷೆ. ಪಿಯಾನೊದ ಎಷ್ಟು ಹತ್ತಿರ ಮೈಕು ಇಟ್ಟಿದ್ದರೋ, ಅದರ ಮರ ಕಿರುಗುಟ್ಟುವುದೂ ಕೇಳುತ್ತಿತ್ತು. ನಮ್ಮ ಅತ್ತೆಯವರು ಜಪಮಣಿ ನಿಲ್ಲಿಸಿ ಕಿವಿಗೊಟ್ಟು, "ಪಾಪ, ಇವನ ಮನೆ ಬಾಗಿಲಿಗೆ ಒಂದು ತೊಟ್ಟು ಎಣ್ಣೆ ಬಿಡೋರಿಲ್ವೇನೆ?" ಎಂದರು.

ಶೈಲಜಾ ಮಾತ್ರ ಗೋಡೆಗೊರಗಿ, ಕಣ್ಣು ಮುಚ್ಚಿ, ಬೆಳಿಗ್ಗೆ ಕೇಳಿದ್ದನ್ನೇ ಮಧ್ಯಾಹ್ನ, ಮಧ್ಯಾಹ್ನದ್ದನ್ನೇ ಸಂಜೆ ಕೇಳುತ್ತಿದ್ದಳು. ತನ್ನ ಸಂಗೀತ ಬಿಟ್ಟುಹೋಯಿತೆಂದು ಹುಡುಗಿ ಪರರ ಸಂಗೀತಕ್ಕೆ ಶರಣಾದಳೇ? ಒಂದು ದಿನ ತಡೆಯಲಾರದೆ, ಇದರಲ್ಲಿ ಏನಿದೆಯೇ ಎಂದು ಕೇಳಿಯೇಬಿಟ್ಟೆ. ಅವಳು ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಮೇಲಕ್ಕೆ ಹೋಗೋದೇ ಇಲ್ಲ ಅಮ್ಮ, ಆದ್ರೂ ಏನೂ ಕಮ್ಮಿ ಅನ್ಸಲ್ಲ. ನನಗೆ ಕಮ್ಮಿಯೇ ಅನ್ನಿಸುತ್ತಿತ್ತು.

ಅತ್ತೆಯವರಿಗೋ ಬೇರೆಯೇ ಅನುಮಾನ. ಹಾಡಿದ್ದನ್ನೇ ಹಾಡುತ್ತಿದೆಯೆಂದರೆ ತಟ್ಟೆ ಸಿಕ್ಕಿಹಾಕಿಕೊಂಡಿದೆ ಎಂದೇ ಅವರ ತೀರ್ಮಾನ. ನಮ್ಮಲ್ಲಿ ಬೆಳ್ಳಿಯ ಸಾಮಾನು ಮಾಸಿದರೆ ವಿಭೂತಿಯಿಂದ ತಿಕ್ಕುವುದು ವಾಡಿಕೆ; ದೀಪದ ಕಂಬ, ಕುಂಕುಮದ ಭರಣಿ, ಅತ್ತೆಯವರ ಕೊರಳಿನ ಲಿಂಗದ ಕರಡಿಗೆ ಎಲ್ಲಕ್ಕೂ ಹೊಳಪು ಕೊಡುವುದು ಅದೇ. ಹೊಳೆಯುವ ಆ ತಟ್ಟೆಯೂ ಅವರ ಕಣ್ಣಿಗೆ ಬೆಳ್ಳಿಯ ಬಂಧುವಾಗಿಯೇ ಕಂಡಿರಬೇಕು. ಶೈಲಜಾ ಸ್ನಾನಕ್ಕೆ ಹೋದಾಗ ಅದನ್ನು ತೆಗೆದು, ಹಳೆಯ ಪಂಚೆಯ ಚೂರಿನಲ್ಲಿ ವಿಭೂತಿ ಹಚ್ಚಿ, ಪಂಚಾಕ್ಷರಿ ಹೇಳುತ್ತಾ ಎರಡೂ ಮೈ ತಿಕ್ಕಿ ತಿಕ್ಕಿ ಒರೆಸಿಟ್ಟರು. ನಾನು ಅಡಿಗೆಮನೆಯಿಂದ ಬರುವಷ್ಟರಲ್ಲಿ ಸಂಸ್ಕಾರ ಪೂರ್ತಿಯಾಗಿತ್ತು.

ಆಮೇಲೆ ಹಾಕಿದರೆ, ನಾಲ್ಕನೆಯ ನುಡಿಕೆಯಲ್ಲಿ ಅದು ನಿಜವಾಗಿಯೂ ಸಿಕ್ಕಿಹಾಕಿಕೊಂಡಿತು. ಆದರೆ ನೋಡಿ, ಅದು ಸಿಕ್ಕಿಕೊಂಡದ್ದು ಎಷ್ಟೋ ಹೊತ್ತಿನವರೆಗೆ ಯಾರಿಗೂ ತಿಳಿಯಲೇ ಇಲ್ಲ. ಅತ್ತೆಯವರು ತಲೆದೂಗಿ, "ಈಗ ಸರಿಯಾಗಿ ಕೂತ್ಕೊಂಡ್ತು ನೋಡು" ಎಂದರು. ಶೈಲಜಾ ತಟ್ಟೆಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಸುತ್ತಲೂ ಗೀರು, ಅಂಚಿನಲ್ಲಿ ಬಿಳಿಯ ಬೂದಿ. ಅಜ್ಜಿಯ ಹಣೆಯ ವಿಭೂತಿಯನ್ನೂ ತಟ್ಟೆಯ ವಿಭೂತಿಯನ್ನೂ ಒಂದಾದ ಮೇಲೊಂದರಂತೆ ನೋಡಿದಳು. ಅಳುತ್ತಾಳೇನೋ ಎಂದು ನಾನು ಮುಂದೆ ಹೋದರೆ, ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಸದ್ದಿಲ್ಲದೆ, ಭುಜ ಕುಲುಕುತ್ತಾ ನಗುತ್ತಿದ್ದಳು. ನಕ್ಕರೆ ಗಂಟಲಿಗೆ ಏನಾದರೂ ಆದೀತೆಂದು ನಾನು ಬೇಡ ಬೇಡವೆಂದು ಬೆನ್ನು ಸವರುತ್ತಿದ್ದೆ, ಅವಳು ಇನ್ನೂ ನಗುತ್ತಿದ್ದಳು. ಏನಾಗಿದೆಯೆಂದು ತಿಳಿಸಿದಾಗ ಅತ್ತೆಯವರು ಸ್ವಲ್ಪವೂ ಅಳುಕಲಿಲ್ಲ. "ನಾನು ದಿನಾ ನಮಃ ಶಿವಾಯ ಅಂತ ಅದನ್ನೇ ಹೇಳ್ತೀನಲ್ಲ, ಶಿವ ಒಂದಿನಾದ್ರೂ ಮುದುಕಿ ಸಿಕ್ಕಾಕ್ಕೊಂಡಿದಾಳೆ ಅಂದನಾ?" ಎಂದು ಮಣಿ ಎಳೆಯತೊಡಗಿದರು.

ಆ ಮಾತು ನನ್ನನ್ನು ಬಿಡಲಿಲ್ಲ. ಮಣಿಯಿಂದ ಮಣಿಗೆ ಹೋಗುವ ಬೆರಳು ಎಲ್ಲಿಗೂ ಹೋಗುವುದಿಲ್ಲ, ಸುತ್ತಿ ಮೊದಲಿನ ಮಣಿಗೇ ಬರುತ್ತದೆ; ಆದರೂ ಜಪ ಮುಗಿಸಿ ಎದ್ದವರು ಕೂತವರೇ ಅಲ್ಲ. ಇದನ್ನು ಬಲ್ಲ ನಾನೇ ಇಷ್ಟು ವರ್ಷ ಪೂಜೆಗೆ ಕೂತರೂ ಕುಕ್ಕರಿನ ಕೂಗಿಗೆ ಒಂದು ಕಿವಿ ಕೊಟ್ಟೇ ಕೂತವಳು. ಆ ಪಿಯಾನೊದವನು ಎರಡು ಸ್ವರಗಳ ನಡುವೆ ಬಿಟ್ಟ ಖಾಲಿ ಜಾಗದಲ್ಲಿ ನನಗೆ ಕೇಳಿಸುತ್ತಿದ್ದದ್ದು ನನ್ನದೇ ದಡಬಡ ಇರಬೇಕು. ಇಷ್ಟು ತಿಳಿದ ಮೇಲೆ ಸಮಾಧಾನವಾಯಿತು ಎಂದರೆ ಸುಳ್ಳಾದೀತು. ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಹತ್ತಿರ ಬಂದಂತೆ ಕೈಗೆ ಸಿಕ್ಕ ಲೋಟಗಳೆಲ್ಲ ಜಾರತೊಡಗಿದವು.

ಹೋದೆವು. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ, ಪರದೆಯ ಮೇಲೆ ನೋಡಿ, ಡಾಕ್ಟರಮ್ಮ ಕುರ್ಚಿಯನ್ನು ಶೈಲಜಾಳ ಕಡೆಗೆ ತಿರುಗಿಸಿಕೊಂಡರು. "ಒಂದು ಕಡೆಯ ಗಂಟು ಪೂರ್ತಿ ಹೋಗಿದೆ, ಇನ್ನೊಂದು ಸಣ್ಣದಾಗಿದೆ. ಆಪರೇಷನ್ ಸದ್ಯಕ್ಕೆ ಬೇಡ. ಮೆತ್ತಗೆ ಮಾತಾಡಿ, ಕೆಳಗಿನ ಸ್ವರದಲ್ಲಿ ಸ್ವಲ್ಪ ಸ್ವಲ್ಪ ಗುನುಗಿ. ಆದ್ರೆ ಹೈ ನೋಟ್ಸ್ ಮೊದಲಿನ ಹಾಗೇ ಬರುತ್ತೆ ಅಂತ ನಾನು ಪ್ರಾಮಿಸ್ ಮಾಡಲ್ಲಮ್ಮ."

ತಿರುಗಿ ನೋಡಿದರೆ ಶೈಲಜಾ ತಲೆಯಾಡಿಸುತ್ತಿದ್ದಳು, ಮೊದಲೇ ಗೊತ್ತಿದ್ದ ಊರಿನ ದಾರಿ ಕೇಳಿದವಳಂತೆ. ನಾವೆಲ್ಲ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡ ಸಂಗೀತದಲ್ಲಿ ಹುಡುಗಿ ಇಷ್ಟು ದಿನ ಏನು ಹುಡುಕುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಮೇಲಿನ ಮಹಡಿ ಇಲ್ಲದಿದ್ದರೂ ಬಾಳಬಹುದಾದ ಮನೆಯೊಂದನ್ನು ಅವಳು ಒಬ್ಬಳೇ ನೋಡಿಕೊಂಡು ಬಂದಿದ್ದಳು.

ಆದರೂ ಆಟೋ ಹತ್ತಿದ್ದೇ ತಡ ನನ್ನ ಬಾಯಿ ನಿಲ್ಲಲಿಲ್ಲ. ಜೆ.ಪಿ. ನಗರದಲ್ಲಿ ಇನ್ನೊಬ್ಬ ಡಾಕ್ಟರರಿದ್ದಾರಂತೆ, ಜ್ಯೇಷ್ಠಮಧು ಒಳ್ಳೆಯದಂತೆ, ಒಂದು ಕಡೆಯದು ಕರಗಿದ ಮೇಲೆ ಇನ್ನೊಂದೂ ಕರಗಲೇಬೇಕು, ಶ್ರಾವಣ ಸೋಮವಾರದ ಹರಕೆ ಹೇಳಿಕೊಳ್ಳುತ್ತೇನೆ ಎಂದು ಹೇಳುತ್ತಲೇ ಇದ್ದೆ. ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಶೈಲಜಾ ನನ್ನ ಮೊಣಕೈ ಮುಟ್ಟಿದಳು.

"ಅಮ್ಮ, ಒಂದ್ನಿಮಿಷ ಸುಮ್ನಿರ್ತೀಯಾ?"

ಇಷ್ಟು ವಾರ ನಾನು ಕಾದಿದ್ದ ದನಿ. ಮೊದಲಿಗಿಂತ ತಗ್ಗಿತ್ತು, ಅಡಿಯಲ್ಲಿ ಸ್ವಲ್ಪ ಮರಳು ಕೂತಂತಿತ್ತು. ನಾನು ಸುಮ್ಮನಾದೆ. ನಿಂತ ಆಟೋದ ಎಂಜಿನ್ನು ಸೀಟಿನ ಕೆಳಗೆ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಅವಳು ಅದಕ್ಕೆ ಕಿವಿಗೊಟ್ಟು, ಕಣ್ಣು ಮುಚ್ಚಿ, ಅದನ್ನೇ ಶ್ರುತಿ ಮಾಡಿಕೊಂಡು, ತುಟಿ ತೆರೆಯದೆ ಮಂದ್ರದ ಒಂದು ಸ್ವರ ಹಿಡಿದಳು. ಹಿಡಿದಳೋ ಇಲ್ಲವೋ ಎಂದು ನಾನು ಬಾಗಿದೆ. ಆ ಸದ್ದಿನಲ್ಲಿ ಎಲ್ಲಿ ತಿಳಿಯಬೇಕು. ಅಷ್ಟರಲ್ಲಿ ಕೆಂಪು ದೀಪ ಇನ್ನೂ ಹೊತ್ತಿದೆಯೆಂದು ಕಂಡು ಆಟೋದವನು ಎಂಜಿನ್ ಆಫ್ ಮಾಡಿದ.

ಶ್ರುತಿ ನಿಂತುಹೋಯಿತು. ಸ್ವರ ಅಲ್ಲೇ ಇತ್ತು.