ಸುಣ್ಣಕಲ್ಲಿನ ಗವಿಗೆ ಹೋದ ಅಕ್ಕ

ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಗೋಡೆಗೆ ಬಳಿಯಲು ಸುಣ್ಣ ನೆನೆಹಾಕಿದ್ದರು. ಹಸಿ ಸುಣ್ಣದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಹೊಸಹಳ್ಳಿಯ ಪಕ್ಕದ ಮನೆಯ ಅಕ್ಕ ನೆನಪಾದಳು... ಅವಳ ಜೊತೆ ಹೋಗಿದ್ದ ಆ ಗವಿಯೂ.

ನಾನಾಗ ಹೊಸಹಳ್ಳಿಯ ಶಾಲೆಯಲ್ಲಿ ಟೀಚರ್. ಅಕ್ಕನದು ಕುರಿ ಸಾಕುವ ಮನೆ. ಅವಳ ಗಂಡ ಕುರಿ ಮೇಯಿಸಲು ಆಂಧ್ರದ ಕಡೆ ಹೋದವನು, ಹಿಂಡನ್ನು ಜೊತೆಗಾರರಿಗೆ ಒಪ್ಪಿಸಿ ಎಲ್ಲೋ ಹೊರಟುಹೋಗಿದ್ದ. ಆಗ ಮಗಳಿನ್ನೂ ತೊಡೆಯ ಮೇಲಿನ ಕೂಸು. ಆ ಮಗಳ ಮದುವೆ ಗೊತ್ತಾದಾಗ ಹಿರಿಯರು ಕೂತು ತೀರ್ಮಾನಿಸಿದರು: ಇಷ್ಟು ವರ್ಷ ಸುದ್ದಿಯಿಲ್ಲದವನು ಸತ್ತಂತೆಯೇ ಸರಿ, ಬಳೆ ಕುಂಕುಮ ತೆಗೆದುಬಿಡು, ಧಾರೆಗೆ ಮೈದುನ ನಿಲ್ಲಲಿ. ಮರುದಿನ ಅಕ್ಕ ನಮ್ಮ ಕಟ್ಟೆಗೆ ಬಂದು ಕೂತಳು.

“ಕರ್ನೂಲ್ ಕಡಿ ಕಾಡಿನಾಗ ನಮ್ಮ ಸೀಮಿಯ ಸಾಧು ಒಬ್ಬ ಗವ್ಯಾಗ ಅದಾನಂತ. ಕುರಿಯೋರು ನೋಡ್ಯಾರ, ನಮ್ಮನಿಯವರಂಗ ಕಾಣ್ತಾನಂತ. ನನಗ ತೆಲುಗು ಬರಂಗಿಲ್ಲ, ನೀವು ಬರ್ರಿ ಟೀಚರ್ರ. ನಾ ಮುತ್ತೈದಿನೋ ಮುಂಡಿನೋ, ನನಗ ಗೊತ್ತಾಗ್ಬೇಕು.”

ದಸರಾ ರಜೆಯಲ್ಲಿ ಹೊರಟೆವು. ಬಸ್ಸು, ಆಟೋ, ಆಮೇಲೆ ಬರೀ ಕಾಲುದಾರಿ. ಕುರುಚಲು ಕಾಡು ದಟ್ಟವಾಗುತ್ತಾ ಹೋಗಿ, ಹಳ್ಳವೊಂದನ್ನು ಇಳಿದರೆ ಎದುರಿಗೆ ಸುಣ್ಣಕಲ್ಲಿನ ಕಮಾನು! ನೀರು ಕೊರೆದು ಕೊರೆದು ಬಂಡೆಯ ಹೊಟ್ಟೆ ಖಾಲಿಯಾಗಿ, ಮೇಲಿನ ಭಾಗವಷ್ಟೇ ಸೇತುವೆಯಂತೆ ನಿಂತಿತ್ತು. ಅದರಾಚೆ ಇನ್ನೊಂದು. ತನ್ನ ಕೂಡ್ಲಿಗಿ ಸೀಮೆಯ ಗುಂಡುಕಲ್ಲುಗಳನ್ನಷ್ಟೇ ಕಂಡಿದ್ದ ಅಕ್ಕ ತಲೆಯೆತ್ತಿ, “ಯವ್ವಾ, ಯಾರು ಕಟ್ಯಾರ ಇದನ್ನ!” ಎಂದಳು. ಬಂದ ಕೆಲಸವನ್ನೇ ಮರೆತವಳಂತೆ ಆ ತಣ್ಣನೆಯ ಕಲ್ಲನ್ನು ಸವರುತ್ತಾ ನಿಂತಳು...

ಎರಡನೆಯ ಕಮಾನಿನ ಕೆಳಗೆ, ಗವಿಯ ಬಾಯಲ್ಲಿ, ಗಡ್ಡ ಬಿಟ್ಟ ಮನುಷ್ಯನೊಬ್ಬ ಒಲೆ ಊದುತ್ತಿದ್ದ. ನನ್ನ ತೆಲುಗು ಬೇಕಾಗಲಿಲ್ಲ. ಅಕ್ಕ ದೂರದಿಂದಲೇ ಗುರುತು ಹಿಡಿದಳು. ಅವನೂ ಹಿಡಿದ. ಎದ್ದು ಒಳಗೆ ಹೋಗಿ ಕತ್ತಲಲ್ಲಿ ಕೂತುಬಿಟ್ಟ.

“ನಾ ಸತ್ತೀನಿ ಅಂತ ತಿಳ್ಕ” ಎಂದು ಒಳಗಿನಿಂದ ದನಿ ಬಂತು.

ಅಕ್ಕ ಅಲ್ಲೇ ಕೂತು ಬುತ್ತಿಗಂಟು ಬಿಚ್ಚಿದಳು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ.

“ಸತ್ತಾರು ಉಣ್ಣಂಗಿಲ್ಲ. ನೀವು ಉಂಡ್ರ, ಜೀವ ಐತಿ ಅಂತ ತಿಳ್ಕೋತೀನಿ. ಕರ್ಕೊಂಡು ಹೋಗಾಕ ಬಂದಿಲ್ರಿ. ಮಗಳ ಮದಿವಿ ಐತಿ, ಹೇಳಾಕ ಬಂದೀನಿ.”

ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಒಂದು ಕೈ ಬೆಳಕಿಗೆ ಬಂತು, ರೊಟ್ಟಿ ಮುರಿಯಿತು.

“ಕೂಸು ಹೆಂಗದಾಳ?”

“ನಿಮ್ಮಂಗ. ಹಿಡಿದ ಹಟ ಬಿಡಂಗಿಲ್ಲ.”

ಅವನು ಅಳುತ್ತಲೇ ತಿಂದ. ಯಾಕೆ ಬಿಟ್ಟುಹೋದೆ ಎಂದು ಅಕ್ಕ ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಹೊರಡುವಾಗ ಸೆರಗಿನಲ್ಲಿ ಕಟ್ಟಿ ತಂದಿದ್ದ ಅಕ್ಷತೆಯನ್ನು ಅವನ ಮುಂದೆ ಹಿಡಿದಳು. ಅವನು ಮುಟ್ಟಿ ಕಣ್ಣು ಮುಚ್ಚಿದ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಎಷ್ಟು ವರ್ಷಗಳಿಂದ ಬಾಕಿ ಉಳಿದಿದ್ದ ನಿದ್ದೆಯೋ ಏನೋ...

ಮದುವೆಯ ದಿನ ಅಕ್ಕ ಕೈತುಂಬ ಹಸಿರು ಬಳೆ ತೊಟ್ಟಿದ್ದಳು. ಹಿರಿಯರೊಬ್ಬರು ಏನೋ ಅನ್ನಲು ಹೊರಟಾಗ, “ಅದಾರ. ನೋಡಿ ಬಂದೀನಿ” ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಣ್ಣಾದ ಮೇಲೆ ಮಗಳು ನನ್ನ ಹತ್ತಿರ ಬಂದು, “ಅಪ್ಪಗ ಹೇಳ್ಬೇಕಲ್ರಿ ಟೀಚರ್ರ” ಎಂದಳು. ಇಬ್ಬರೂ ಹೋದೆವು. ಕಮಾನುಗಳು ಹಾಗೆಯೇ ಇದ್ದವು, ಗವಿ ಖಾಲಿಯಿತ್ತು. ಹಳ್ಳದ ಬಳಿ ಸೌದೆ ಆಯುತ್ತಿದ್ದ ಹೆಂಗಸನ್ನು ತೆಲುಗಿನಲ್ಲಿ ಕೇಳಿದೆ. ಆ ಸಾಧು ತೀರಿಹೋಗಿ ನಾಲ್ಕೈದು ಮಳೆಗಾಲ ಕಳೆಯಿತು, ತಮ್ಮೂರಿನವರೇ ಮಣ್ಣು ಮಾಡಿದರು ಎಂದಳು. ಅಕ್ಕನಿಗಿಂತ ಮೊದಲೇ ಹೋಗಿದ್ದಾನೆ ಎಂದು ಮಗಳಿಗೆ ಕನ್ನಡದಲ್ಲಿ ಹೇಳಿದೆ.

ಈಗ ಹೊಸಹಳ್ಳಿಗೆ ಹೋದರೆ ಕಟ್ಟೆಯಿಂದ ಕೂಗಿ ಕರೆಯುವವರಿಲ್ಲ. ಅಕ್ಕನ ಮಾತು ಬಂದಾಗ ಓಣಿಯವರು, “ಪುಣ್ಯವಂತಿ, ಮುತ್ತೈದಿಯಾಗೇ ಹೋದ್ಲು” ಎನ್ನುತ್ತಾರೆ. ಮಗಳು ಒಮ್ಮೆ ನನ್ನ ಮುಖ ನೋಡುತ್ತಾಳೆ. ಆಮೇಲೆ ಇಬ್ಬರೂ ಹೌದೆನ್ನುತ್ತೇವೆ.